ಮೂರನೇ ಕೋಣೆಯ ನಿವಾಸಿ

ನನ್ನ ಮನೆಯಲ್ಲಿ ಒಂದು ರಾತ್ರಿ ಮಲಗಿ ಎದ್ದವರು ಸೌತ್ ಡಕೋಟ ರಾಜ್ಯದವರಾಗಿಬಿಡುತ್ತಾರೆ. ಇದು ನನ್ನ ಬಡಾಯಿ ಅಲ್ಲ, ಕಾನೂನು. ಮಲಗಿದ್ದಕ್ಕೆ ನಾನು ರಸೀದಿ ಬರೆದುಕೊಡುತ್ತೇನೆ, ಬೆಳಿಗ್ಗೆ ಅವರು ಕೈ ಎತ್ತಿ ಪ್ರಮಾಣ ಮಾಡುತ್ತಾರೆ, ಮಧ್ಯಾಹ್ನದ ಊಟದೊಳಗೆ ಹೊಸ ಡ್ರೈವಿಂಗ್ ಲೈಸೆನ್ಸು ಜೇಬಿಗೆ ಬೀಳುತ್ತದೆ. ಆಮೇಲೆ ಅವರು ಇತ್ತ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಅವರ ಹೆಸರಿಗೆ ಬಂದ ಕಾಗದಪತ್ರಗಳನ್ನು ಪಡಸಾಲೆಯ ಗೋಡೆಗೆ ಹೊಡೆದ ಟಪಾಲು ಪೆಟ್ಟಿಗೆಗಳಲ್ಲಿ ಹಾಕಿಟ್ಟು, ಹೇಳಿದ ಕಡೆಗೆ ಕಳಿಸುವುದು ನನ್ನ ಮತ್ತು ನನ್ನ ಮೈದುನ ಎಲ್ಡನ್‌ನ ಕೆಲಸ. ವೆಂಟ್ಲಿಂಗ್ ಅನ್ನುವ ನಮ್ಮ ಊರಿನಲ್ಲಿ ಮನುಷ್ಯರಿಗಿಂತ ಪೆಟ್ಟಿಗೆಗಳೇ ಹೆಚ್ಚು.

ಬರುವವರೆಲ್ಲ ಊರೂರು ಅಲೆದು ದುಡಿಯುವ ಜನ. ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗುವ ನರ್ಸುಗಳು, ಪೈಪು ಬೆಸೆಯುವ ವೆಲ್ಡರುಗಳು, ಬಿರುಗಾಳಿಯ ಬೆನ್ನಿಗೇ ಹೋಗಿ ಬಿದ್ದ ಕಂಬ ನಿಲ್ಲಿಸುವ ಲೈನ್‌ಮ್ಯಾನ್‌ಗಳು. ದುಡಿದ ರಾಜ್ಯ ತನ್ನ ತೆರಿಗೆಯ ಪಾಲನ್ನು ಅಲ್ಲೇ ಕಿತ್ತುಕೊಳ್ಳುತ್ತದೆ, ಅದಕ್ಕೆ ಆ ಚಾಳಿ ಇದ್ದರೆ. ಟೆಕ್ಸಸ್, ಫ್ಲೋರಿಡಾಗಳಿಗೆ ಇಲ್ಲ. ಆದರೆ ನಿನ್ನ ಮನೆ ಇರುವ ರಾಜ್ಯ ಇದೆಯಲ್ಲ, ಅದು ನೀನು ಯಾವ ಮೂಲೆಯಲ್ಲಿ ಬೆವರು ಸುರಿಸಿದರೂ ಕೈ ಚಾಚುತ್ತದೆ. ನಮ್ಮ ರಾಜ್ಯ ಸಂಪಾದನೆಯ ಮೇಲೆ ತೆರಿಗೆ ಕೇಳುವುದಿಲ್ಲ. ಹಾಗಾಗಿ ಅಲೆಮಾರಿಗಳಿಗೆಲ್ಲ ಇದ್ದಕ್ಕಿದ್ದಂತೆ ನಮ್ಮ ಒಣಗಾಳಿಯ ಮೇಲೂ ನನ್ನ ಹಳೆಯ ಮಂಚಗಳ ಮೇಲೂ ತವರಿನ ಪ್ರೀತಿ ಉಕ್ಕುತ್ತದೆ.

ಪ್ರಮಾಣದ ಮಾತು ಚಿಕ್ಕದು. "ಇದೇ ನನ್ನ ಮನೆ. ಎಲ್ಲಿಗೆ ಹೋದರೂ ಮರಳಿ ಇಲ್ಲಿಗೇ ಬರುವುದು ನನ್ನ ಮನಸ್ಸು." ಕಾಗದಕ್ಕೆ ಸಹಿ ಹಾಕಿದರೆ ಸರ್ಕಾರಕ್ಕೆ ಸಾಕು. ನನಗೆ ಸಾಲದು. ನಾನು ನೋಟರಿ, ನನ್ನ ಅತ್ತೆಯೂ ನೋಟರಿಯಾಗಿದ್ದಳು, ಬಾಯಿಬಿಟ್ಟು ಆಡದ ಮಾತು ಪ್ರಮಾಣವೇ ಅಲ್ಲ ಅಂತ ನನಗೆ ಕಲಿಸಿದವಳು ಅವಳೇ. ಅಡಿಗೆಮನೆಯ ಮೇಜಿನ ಮುಂದೆ ನಿಲ್ಲಿಸಿ, ಬಲಗೈ ಎತ್ತಿಸಿ, ಗಟ್ಟಿಯಾಗಿ ಹೇಳಿಸುತ್ತೇನೆ. ಹೇಳುವಾಗ ಎಲ್ಲರೂ ನಗುತ್ತಾರೆ. ಕೆಲವರು ನನ್ನತ್ತ ಕಣ್ಣು ಹೊಡೆಯುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ದೇವರ ಹೆಸರೆತ್ತಿ ಮನೆ ಅನ್ನುವ ಮಾತನ್ನು ಹಲ್ಲುಕಡ್ಡಿಯ ಹಾಗೆ ಬಳಸಿ ಎಸೆಯುವವರ ಜೊತೆ ನಾನೇನು ನಗಲಿ?

ಇತ್ತ ಬರುವುದಿಲ್ಲ ಅಂದೆನಲ್ಲ, ಅದು ಬದುಕಿರುವವರೆಗಿನ ಮಾತು.

ಮೊದಲು ಬಂದವಳು ಒಪಲ್ ಅನ್ನುವ ನರ್ಸು, ಓಹಾಯೋದವಳು. ನಾನು ಮಧ್ಯಾಹ್ನ ಕೂಕನ್ ಅನ್ನುವ ಸಿಹಿ ಕೇಕು ಮಾಡಲು ಹಿಟ್ಟು ನಾದುತ್ತಿದ್ದೆ. ಅಂಗಳದ ಜಲ್ಲಿಯ ಮೇಲೆ ಹೆಜ್ಜೆಯ ಸದ್ದಾಯಿತು. ಜಾಲರಿ ಬಾಗಿಲು ತೆರೆದು ಮುಚ್ಚಿಕೊಂಡಿತು. ಮೆಟ್ಟಿಲುಗಳು ಒಂದರ ಹಿಂದೆ ಒಂದು ಕಿರುಗುಟ್ಟಿದವು. ಯಾರದು ಅಂತ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರೆ ಯಾರೂ ಇಲ್ಲ. ಮೇಲೆ ಬಲ್ಬು ಬದಲಿಸುತ್ತಿದ್ದ ಎಲ್ಡನ್ ಮುಖ ಬಿಳಿಚಿಕೊಂಡು ಇಳಿದು ಬಂದ.

"ಅತ್ತಿಗೆ, ಐದನೇ ಕೋಣೆಗೆ ಯಾರೋ ಹೋದ್ರು. ಹೋದವರು ಕಾಣಲಿಲ್ಲ. ಹಾಸಿಗೆ ಮಾತ್ರ ತಗ್ಗಾಯ್ತು."

ಆ ಕೋಣೆಯಲ್ಲಿ ಹಿಂದೆ ಮಲಗಿದ್ದವಳು ಒಪಲ್. ಅವಳು ಅರಿಝೋನಾದಲ್ಲಿ ತೀರಿಕೊಂಡ ಸುದ್ದಿ ವಾರದ ಮೇಲೆ ತಲುಪಿತು. ಆಮೇಲೆ ಒಬ್ಬೊಬ್ಬರಾಗಿ ಬರತೊಡಗಿದರು. ಬರುವುದು ಯಾವಾಗಲೂ ಹಗಲು ಹೊತ್ತಿನಲ್ಲಿ, ನೆಟ್ಟಗೆ, ದಾರಿ ಗೊತ್ತಿದ್ದವರ ಹಾಗೆ. ಅವರು ತೊಂದರೆ ಕೊಡುವುದಿಲ್ಲ. ಅಂದು ಮಲಗಿದ ಮಂಚದಲ್ಲೇ ಮಲಗುತ್ತಾರೆ, ಅಷ್ಟೆ. ಹೊದಿಕೆ ಕೊಡವಬೇಕಾದಾಗ "ಸ್ವಲ್ಪ ಏಳಿ" ಅನ್ನುತ್ತೇನೆ, ಏಳುತ್ತಾರೆ. ಹಾಸಿಗೆ ಮೆಲ್ಲಗೆ ಉಬ್ಬಿ ಸಮವಾಗುತ್ತದೆ, ನಾನು ಕೆಲಸ ಮುಗಿಸಿ ಬಾಗಿಲೆಳೆದ ಮೇಲೆ ಮತ್ತೆ ತಗ್ಗಾಗುತ್ತದೆ. ನನ್ನ ಸ್ವಂತ ಗಂಡ ಡ್ಯಾರಲ್ ಮಾತ್ರ ಒಂದು ದಿನವೂ ಬಂದಿಲ್ಲ. ಅವನು ಈ ಮನೆಯಲ್ಲೇ ಹುಟ್ಟಿ ಇಲ್ಲೇ ಸತ್ತವನು. ಅವನಿಂದ ಯಾರೂ ಪ್ರಮಾಣ ಮಾಡಿಸಿರಲಿಲ್ಲ. ಯಾವ್ಯಾವುದೋ ಊರಿನವರೆಲ್ಲ ನನ್ನ ಮನೆಯಲ್ಲಿ ಬಂದು ಮಲಗಿದ್ದಾರೆ, ಅವನೊಬ್ಬ ಇಲ್ಲ.

ಮರ್ಲಾ ಲುಂಡೀನ್ ಬಂದದ್ದು ಮಾರ್ಚಿನಲ್ಲಿ, ಹಿಮ ಕರಗಿ ಅಂಗಳವೆಲ್ಲ ರಾಡಿಯಾಗಿದ್ದಾಗ. ಪಕ್ಕದ ರಾಜ್ಯ ಮಿನೆಸೋಟದ ನಂಬರಿನ ಪಿಕಪ್ಪು. ನಲವತ್ತು ದಾಟಿದ ಹೆಂಗಸು, ಗಂಡಸಿನ ದಪ್ಪ ಕೋಟು, ತೋಳು ಬೆರಳು ಮುಚ್ಚುವಷ್ಟು ಉದ್ದ. ನಾನೂ ಎಲ್ಡನ್ನೂ ಟಪಾಲು ವಿಂಗಡಿಸುತ್ತಿದ್ದೆವು.

"ಕೋಣೆ ಬೇಕೇನಮ್ಮಾ? ಪ್ರಮಾಣಕ್ಕಾ?" ಅಂದೆ.

"ಪ್ರಮಾಣ ನನ್ನ ಗಂಡ ಮಾಡಿ ಆಗಿದೆ," ಅಂದಳು. "ಕರ್ಟ್ ಲುಂಡೀನ್ ಅಂತ. ಲೈನ್‌ಮ್ಯಾನ್. ಹೋದ ಅಕ್ಟೋಬರಲ್ಲಿ ಫ್ಲೋರಿಡಾದಲ್ಲಿ ಕಂಬ ಏರಿದ್ದಾಗ ತೀರ್ಕೊಂಡ."

ಎಲ್ಡನ್ ಕೈಯಲ್ಲಿದ್ದ ಕಾಗದಗಳನ್ನು ಕೆಳಗಿಟ್ಟು ತನ್ನ ಕಾಫಿ ಲೋಟದೊಳಗೆ ಇಣುಕಿ ನೋಡತೊಡಗಿದ.

"ನಮ್ಮ ಮನೆತನದಲ್ಲಿ ಹೋದವರು ಒಂದು ಸಲ ಬಂದು ಹೋಗ್ತಾರಮ್ಮಾ," ಅಂದಳು ಮರ್ಲಾ. "ಅಜ್ಜಿ ಬಂದಿದ್ಲು. ಅಪ್ಪ ಕೊಟ್ಟಿಗೆಯಲ್ಲಿ ಕೆಮ್ಮಿದ್ದನ್ನ ನಾವೆಲ್ಲ ಕೇಳಿದ್ವಿ. ಕರ್ಟ್‌ನ ಶರೀರ ಊರಿಗೆ ತಂದು ಮಣ್ಣು ಮಾಡಿದ್ವಿ. ಚಳಿಗಾಲ ಪೂರ್ತಿ ಕಾದೆ. ಒಂದು ಕದಲಿಕೆಯಿಲ್ಲ, ಉಸಿರಿಲ್ಲ. ಮನೆಗೆ ಸಂಬಂಧವೇ ಇಲ್ಲದವನ ಥರ. ನೀವು ಹುಚ್ಚಿ ಅಂದ್ಕೊಂಡ್ರೂ ಚಿಂತೆಯಿಲ್ಲ, ಕೇಳಿಬಿಡ್ತೀನಿ. ಅವನು ಇಲ್ಲಿಗೆ ಬಂದಿದ್ದಾನಾ?"

"ನಿನ್ನನ್ನ ಹುಚ್ಚಿ ಅನ್ನೋಕೆ ನಮಗೆಲ್ಲಿದೆ ಯೋಗ್ಯತೆ," ಅಂದ ಎಲ್ಡನ್. "ಕೂತ್ಕೊ ತಾಯಿ. ಮೊದಲು ಕಾಫಿ ಕುಡಿ."

ಅವಳು ಕೂರಲಿಲ್ಲ. ಯಾಕೆಂದರೆ ಅದೇ ಹೊತ್ತಿಗೆ ತಲೆಯ ಮೇಲಿನ ಕೋಣೆಯಿಂದ ಸದ್ದು ಕೇಳಿಸಿತು. ಮರದ ಹಲಗೆಗೆ ಹಿಮ್ಮಡಿ ತಾಕುವ ಸದ್ದು. ಟೊಕ್. ಸ್ವಲ್ಪ ತಡೆದು ಮತ್ತೆ ಟೊಕ್. ಅಕ್ಟೋಬರಿನಿಂದ ನಾವು ದಿನಾ ಕೇಳುತ್ತಿದ್ದದ್ದು ಅದೇ. ಮರ್ಲಾ ನಮ್ಮ ಅಪ್ಪಣೆಗೆ ಕಾಯದೆ ಮೆಟ್ಟಿಲು ಹತ್ತಿದಳು. ಯಾವ ಕೋಣೆ ಅಂತ ನಾನು ಹೇಳಬೇಕಾಗಲಿಲ್ಲ.

ಮೂರನೇ ಕೋಣೆಯಲ್ಲಿ ಕಿಟಕಿಯ ಬಿಸಿಲು ಮಂಚದ ಮೇಲೆ ಬಿದ್ದಿತ್ತು. ಹೊದಿಕೆ ನಡುವೆ ಉದ್ದಕ್ಕೆ ತಗ್ಗಾಗಿತ್ತು, ತಲೆದಿಂಬಿನಿಂದ ಹಿಡಿದು ಕಾಲುದೆಸೆಯ ಹಲಗೆಯವರೆಗೆ. ಬಿಸಿಲಿದ್ದರೂ ಆ ಕೋಣೆಯಲ್ಲಿ ಬಾಯಿಂದ ಹಬೆ ಬರುತ್ತಿತ್ತು. ಅವಳು ಬಾಗಿಲಲ್ಲೇ ನಿಂತು ಗದರಿದಳು.

"ಏನಿದು ನಿನ್ನ ಅವತಾರ? ಕಾಲು ಚಾಚೋಕೂ ಜಾಗ ಇಲ್ಲ ಇಲ್ಲಿ. ಅಲ್ಲಿ ಮನೆಯಲ್ಲಿ ಉದ್ದದ ಮಂಚ ಮಾಡಿಸಿದ್ದು ಯಾರಿಗೆ, ನಿನ್ನ ತಾತನಿಗಾ?"

ಟೊಕ್, ಅಂದಿತು ಹಲಗೆ.

ಅವಳು ಮಂಡಿಯೂರಿ ಕೂತು ಆ ತಗ್ಗಿನ ಮೇಲೆ ಕೈಯಿಟ್ಟಳು. ಆಮೇಲೆ ಮುಖವಿಟ್ಟಳು. ನಾನು ಬಾಗಿಲೆಳೆದುಕೊಂಡು ಕೆಳಗೆ ಬಂದೆ. ಇನ್ನೊಬ್ಬರ ಸಂಸಾರ ನೋಡುತ್ತ ನಿಲ್ಲುವ ಜಾಯಮಾನ ನನ್ನದಲ್ಲ.

ಸಂಜೆಯ ಹೊತ್ತಿಗೆ ಅವಳು ಅಡಿಗೆಮನೆಗೆ ಬಂದಳು. ಕೂಕನ್ ಕೊಯ್ದು ಕೊಟ್ಟೆ. ತಿನ್ನಲಿಲ್ಲ, ಚೂರು ಚೂರು ಮಾಡಿದಳು.

"ಅಮ್ಮಾ, ಅವನು ಪ್ರಮಾಣ ಮಾಡುವಾಗ ನಕ್ಕನಾ?" ಅಂತ ಕೇಳಿದಳು.

ಈ ಪ್ರಶ್ನೆ ಬರುತ್ತದೆ ಅಂತ ನನಗೆ ಗೊತ್ತಿತ್ತು. ಯಾರಿಗೂ ಸಕ್ಕರೆ ಸವರಿ ಮಾತಾಡುವ ಅಭ್ಯಾಸ ನನಗಿಲ್ಲ.

"ಇಲ್ಲ ಮಗಳೇ. ನಗಲಿಲ್ಲ. ಈ ಮೇಜಿನ ಮುಂದೆ ನಗದೆ ಹೇಳಿದವನು ಅವನೊಬ್ಬನೇ."

ಅವಳ ಮುಖ ಸಣ್ಣದಾಯಿತು.

"ಹಾಗಾದ್ರೆ ನಿಜವಾಗ್ಲೂ ಹೇಳಿದ್ದಾನೆ. ನನ್ನ ಬಿಟ್ಟುಬಿಡೋ ಮನಸ್ಸಿತ್ತು ಅವನಿಗೆ."

"ಬಾಯಿಗೆ ಬಂದದ್ದು ಒದರಬೇಡ. ಪೂರ್ತಿ ಕೇಳು. ಹಿಂದಿನ ಸಂಜೆ ಇದೇ ಕುರ್ಚಿಯಲ್ಲಿ ಕೂತು ಕೇಳಿದ, 'ನಾಳೆ ಹೇಳೋ ಮಾತು ಮನಸ್ಸಲ್ಲೂ ಇರಬೇಕಾ, ಬಾಯಲ್ಲಿ ಹೇಳಿದ್ರೆ ಸಾಕಾ?' ಅಂತ. ಅದು ನಿನ್ನ ಹಣೆಬರಹ ಅಂದೆ. 'ನನಗೆ ಸುಳ್ಳು ಪ್ರಮಾಣ ಮಾಡೋಕೆ ಬರಲ್ಲ' ಅಂದ. ರಾತ್ರಿಯೆಲ್ಲ ಅವನ ಹಿಮ್ಮಡಿ ಆ ಹಲಗೆ ಕುಟ್ಟುತ್ತಲೇ ಇತ್ತು, ನಿದ್ದೆ ಮಾಡಿರಲಿಲ್ಲ. ಬೆಳಿಗ್ಗೆ ಬಂದವನು ಮನಸ್ಸನ್ನ ಹೇಗೋ ಒಪ್ಪಿಸ್ಕೊಂಡು ಬಂದಿದ್ದ. ಅಂಗಳ ನೋಡಿದ, ಒಲೆ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಕೈ ಎತ್ತಿ ಹೇಳಿದ. ಬಾಯಿಬಿಟ್ಟು ಆಡದ್ದು ಮಾತೇ ಅಲ್ಲ ಅಂತ ಗಟ್ಟಿಯಾಗಿ ಹೇಳಿಸಿದ್ದು ನಾನೇ."

ಮರ್ಲಾ ತಟ್ಟೆಯ ಚೂರುಗಳನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದಳು.

"ಕಳಿಸಿದ್ದು ನಾನೇ," ಅಂದಳು. "ಜೊತೆಯವರೆಲ್ಲ ಮಾಡಿಸ್ಕೊಂಡಿದ್ದಾರೆ, ನೀನೂ ಮಾಡಿಸ್ಕೊ ಅಂತ. ಅವನು ಬೇಡ ಬೇಡ ಅಂದ. ಒಂದು ಮಾತು ತಾನೇ, ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ ಅಂದೆ. ಫೋನು ಮಾಡಿ ನಿಮ್ಮ ಕೋಣೆ ಗೊತ್ತುಮಾಡಿದ್ದೂ ನಾನೇ."

ನನಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಷ್ಟು ದೊಡ್ಡ ಕೋಟಿನೊಳಗೆ ಅವಳು ಎಲ್ಲಿದ್ದಾಳೆ ಅಂತ ಹುಡುಕಬೇಕು, ಹಾಗೆ ಕುಗ್ಗಿಹೋಗಿದ್ದಳು.

"ಅವನನ್ನ ಕರ್ಕೊಂಡು ಹೋಗ್ತೀನಿ," ಅಂದಳು.

"ಕಾನೂನು ಏನನ್ನುತ್ತೆ ಗೊತ್ತಾ? ಬಿಟ್ಟು ಹೊರಟ ಮಾತ್ರಕ್ಕೆ ಮನೆ ಬದಲಾಗಲ್ಲ. ಹೊಸ ಕಡೆಗೆ ಕಾಲೂ ಹೋಗಬೇಕು, ಅಲ್ಲೇ ಇರೋ ಮನಸ್ಸೂ ಹೋಗಬೇಕು. ಅಲ್ಲೀವರೆಗೆ ಹಳೇ ಮನೆಯೇ ಮನೆ."

"ಸತ್ತವರಿಗೆ ಎಂಥ ಕಾನೂನಮ್ಮಾ?"

"ಅವರಿಗೇ ಇರೋದು. ಬದುಕಿರೋರು ಏನು ಬೇಕಾದ್ರೂ ನಡೆಸ್ತಾರೆ."

ಮಾರನೆಯ ಬೆಳಿಗ್ಗೆ ಅವಳು ಪಿಕಪ್ಪಿನ ಬಲಗಡೆಯ ಬಾಗಿಲು ತೆರೆದು ನಿಂತು, ಮೇಲಿನ ಕಿಟಕಿಯತ್ತ ನೋಡಿ "ಕರ್ಟ್, ಇಳಿದು ಬಾ" ಅಂತ ಕರೆದಳು. ಮಂಚ ಕಿರುಗುಟ್ಟಿತು. ಮೆಟ್ಟಿಲು ಇಳಿದ ಸದ್ದಾಯಿತು. ನನ್ನ ಪಕ್ಕದಲ್ಲೇ ಹಾದುಹೋಗುವಾಗ ಕಂಬಕ್ಕೆ ಬಳಿಯುವ ಡಾಂಬರಿನ ವಾಸನೆ ಮೂಗಿಗೆ ಬಡಿಯಿತು. ಪಿಕಪ್ಪಿನ ಸೀಟು ಕೆಳಗೆ ಕೂತಿತು. ಮರ್ಲಾ ಬಾಗಿಲು ಹಾಕಿ, ಸೀಟಿಗೆ ಬೆಲ್ಟನ್ನೂ ಕಟ್ಟಿದಳು. ಅದನ್ನು ನೋಡಿ ಎಲ್ಡನ್ ಆಚೆ ತಿರುಗಿ ಮೂಗೊರೆಸಿಕೊಂಡ.

ಹೊರಡುವ ಮುಂಚೆ ಅವಳು ಗೇಟಿನ ಕಡೆ ಕೈ ತೋರಿಸಿದಳು.

"ಅಲ್ಲಿ ಯಾರು ನಿಂತಿದ್ದಾರೆ?"

ಕಣ್ಣಿಗೆ ಯಾರೂ ಕಾಣುವುದಿಲ್ಲ. ಗಾಳಿ ಬೀಸಿದಾಗ ಬೇಲಿಯಾಚೆಯ ಒಣಹುಲ್ಲು ಒಂದೇ ಸಮ ಬಾಗುತ್ತದೆ, ಕೆಲವು ಕಡೆ ಮಾತ್ರ ಬಾಗುವುದಿಲ್ಲ, ಅಡ್ಡ ಯಾರೋ ನಿಂತ ಹಾಗೆ. ಹೊಸಬರಿಗೆ ಇದು ಬೇಗ ತಿಳಿಯುವುದಿಲ್ಲ. ಅವಳಿಗೆ ತಿಳಿಯಿತು.

"ಅವರು ಎಲ್ಲೂ ಮನೆ ಇಲ್ಲದವರು," ಅಂದ ಎಲ್ಡನ್. "ಹಿಂದಿರುಗೋಕೆ ಹಳೇ ಮನೆಯೂ ಉಳೀದೆ, ಹೊಸದೂ ಮಾಡ್ಕೊಳ್ಳದೆ, ಕೆಲಸ ಇದ್ದಲ್ಲಿ ಲಾರಿಯಲ್ಲೋ ತಗಡಿನ ಶೆಡ್ಡಲ್ಲೋ ಮಲಗಿದವರು. ತೆರಿಗೆಯವರ ಲೆಕ್ಕದಲ್ಲಿ ಅಂಥವರಿಗೆ ಕೆಲಸ ಇದ್ದ ಕಡೆಯೇ ಮನೆ. ಈಗ ಸತ್ತ ಮೇಲೆ ಕೆಲಸವೂ ಇಲ್ಲ. ಹೆದ್ದಾರಿ ಇರೋ ಕಡೆಯೆಲ್ಲ ಇದ್ದಾರೆ."

"ಒಳಗೆ ಯಾಕೆ ಬರಲ್ಲ?"

"ಬಾ ಅಂದವರಿಲ್ಲ," ಅಂದೆ ನಾನು. "ನೀನೂ ಅನ್ನಬೇಡ. ನನ್ನ ಮನೆಗೆ ಎಂಥ ನೆಂಟ ಬಂದ್ರೂ 'ನಿಮ್ಮ ಮನೆ ಅಂತಲೇ ತಿಳ್ಕೊಳ್ಳಿ' ಅಂತ ನಾನು ಹೇಳಲ್ಲ. ನಮ್ಮ ಜನರಿಗೆ ಅದು ಬಾಯಿಪಾಠ, ಯಾರಿಗೆ ಬೇಕಾದ್ರೂ ಅಂದುಬಿಡ್ತಾರೆ. ಅವರಿಗೆ ಆ ಒಂದು ಮಾತು ಕೇಳಿದ್ರೆ ಸಾಕು, ಎಷ್ಟು ದೂರದಿಂದಲಾದ್ರೂ ಹೊರಟು ಬರ್ತಾರೆ."

ಅವಳು ತಲೆಯಾಡಿಸಿದಳು. ಕಿವಿ ನಮ್ಮ ಕಡೆ ಇರಲಿಲ್ಲ ಅಂತ ಈಗ ಅನ್ನಿಸುತ್ತದೆ. ಕಣ್ಣೆಲ್ಲ ಆ ಸೀಟಿನ ಮೇಲೆಯೇ ಇತ್ತು.

ಅವಳು ಹೋಗಿ ಅರ್ಧ ದಿನವೂ ಆಗಿರಲಿಲ್ಲ. ಜಲ್ಲಿಯ ಮೇಲೆ ಹೆಜ್ಜೆ ಕೇಳಿಸಿತು. ಜಾಲರಿ ಬಾಗಿಲು, ಮೆಟ್ಟಿಲು, ಮಂಚ. ಟೊಕ್. ಅದಾದ ಸ್ವಲ್ಪ ಹೊತ್ತಿಗೆ ಫೋನು ಬಂತು. ರಾಜ್ಯದ ಗಡಿ ದಾಟುವವರೆಗೆ ಸೀಟು ತಗ್ಗಾಗಿಯೇ ಇತ್ತಂತೆ. ಮಿನೆಸೋಟಕ್ಕೆ ಸ್ವಾಗತ ಅಂತ ಬರೆದ ಹಲಗೆ ಹಿಂದಕ್ಕೆ ಸರಿದದ್ದೇ ತಡ, ಬೆಲ್ಟು ಸಡಿಲಾಗಿ ಸೀಟಿನ ಮೇಲೆ ಬಿತ್ತಂತೆ. ಅವಳು ಅಲ್ಲೇ ರಸ್ತೆ ಪಕ್ಕ ಗಾಡಿ ನಿಲ್ಲಿಸಿಕೊಂಡು ಅಳುತ್ತಿದ್ದಳು.

"ಕಾಲು ಬಂತು, ಮನಸ್ಸು ಬರಲಿಲ್ಲ ಅಮ್ಮಾ," ಅಂದಳು.

ಮುಂದಿನ ವಾರ ಅವಳು ಮತ್ತೆ ಬಂದಳು. ಈ ಸಲ ನಡಿಗೆಯಲ್ಲಿ ಒಂದು ಬಿರುಸಿತ್ತು. ಮೇಲೆ ಹೋಗಿ ಅವನ ಹತ್ತಿರ ಕೂತು ಬಂದವಳೇ ಮೇಜಿನ ಮೇಲೆ ಕೈಯೂರಿ ಹೇಳಿದಳು.

"ಮಿನೆಸೋಟದ ತೆರಿಗೆಯವರು ನನ್ನ ಹಿಂದೆ ಬಿದ್ದಿದ್ದಾರೆ. ಕರ್ಟ್ ಎಲ್ಲೂ ಹೋಗಿರಲಿಲ್ಲ, ಅವನ ಮನೆ ಮಿನೆಸೋಟದಲ್ಲೇ ಇತ್ತು ಅಂತ ಅವರ ವಾದ. ಹೆಂಡತಿ ಅಲ್ಲಿ, ದೋಣಿ ಅಲ್ಲಿ, ಹಲ್ಲು ಕೀಳೋ ಡಾಕ್ಟರು ಅಲ್ಲಿ, ಚರ್ಚಲ್ಲಿ ಕೂರೋ ಬೆಂಚೂ ಅಲ್ಲಿ. ಒಂದು ರಾತ್ರಿ ಎಲ್ಲೋ ಮಲಗಿ ಕೈ ಎತ್ತಿದ್ರೆ ಮನೆ ಬದಲಾಗಲ್ಲ ಅಂತಾರೆ. ನನ್ನ ವಕೀಲ, ಹೆದರಬೇಡಿ, ಅವನ ಮನೆ ಸೌತ್ ಡಕೋಟ ಅಂತ ನೀವು ಗಟ್ಟಿಯಾಗಿ ನಿಂತ್ರೆ ಒಂದು ಕಾಸೂ ಕೊಡಬೇಕಾಗಿಲ್ಲ ಅಂದಿದ್ದ."

"ಸರಿ. ಹಾಗೇ ಹೇಳು."

"ಇಲ್ಲ. ನಮ್ಮವನೇ ಅಂತ ಬರ್ಕೊಡ್ತೀನಿ. ಅವನು ನಮ್ಮ ಮನೆಯವನು, ಮಿನೆಸೋಟದವನು, ಇಲ್ಲಿ ಆಡಿದ ಮಾತು ಮಾತಲ್ಲ ಅಂತ ಸರ್ಕಾರವೇ ತೀರ್ಪು ಕೊಡಲಿ. ಸರ್ಕಾರ ಬೇಡ ಅಂದ ಮೇಲೆ ನಿಮ್ಮ ಪ್ರಮಾಣ ನಿಲ್ಲುತ್ತಾ?"

ನಾನು ಎಲ್ಡನ್ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ತೆರಿಗೆಯವರ ಕಾಗದವನ್ನು ಹೀಗೆ ಎದೆಗೊತ್ತಿಕೊಂಡ ಹೆಂಗಸನ್ನು ನಾನು ಕಂಡದ್ದು ಅದೇ ಮೊದಲು.

"ಎಷ್ಟು ಕೇಳಿದ್ರೂ ತೆರ್ತೀಯಾ?" ಅಂದೆ.

"ಹೊಲದ ಪಾಲು ಮಾರ್ತೀನಿ. ಮನೆ ಮಾತ್ರ ಉಳಿಸ್ಕೋತೀನಿ. ಅವನು ಬರೋಕೆ ಮನೆ ಬೇಕಲ್ಲ."

ಇಷ್ಟು ವರ್ಷ ನನ್ನ ಮೇಜಿನ ಮುಂದೆ ನಿಂತವರೆಲ್ಲ ಮನೆಯನ್ನು ಕಳಚಿಕೊಳ್ಳಲು ಬಂದವರು. ಮನೆಯನ್ನು ಬೆಲೆ ಕೊಟ್ಟು ಬಿಡಿಸಿಕೊಳ್ಳಲು ಬಂದವಳು ಇವಳೊಬ್ಬಳೇ. ಆಗುತ್ತದೋ ಇಲ್ಲವೋ ನನಗೆ ತಿಳಿಯದು, ಆಗಲಿ ಅಂತ ಮನಸಾರೆ ಬಯಸಿದೆ. ಮೇಲಿನ ಕೋಣೆ ಖಾಲಿಯಾಗುತ್ತದೆ ಅನ್ನುವ ಆಸೆಗಲ್ಲ. ಆ ಗಿಡ್ಡ ಮಂಚದಲ್ಲಿ ಮುದುಡಿ ಮಲಗಿದವನ ಮೇಲೆ ನನಗೂ ಅಕ್ಕರೆ ಹುಟ್ಟಿತ್ತು.

ಏಪ್ರಿಲ್ ಕಳೆಯಿತು. ಅವಳು ಆಗಾಗ ಫೋನು ಮಾಡಿ "ಇದ್ದಾನಾ?" ಅನ್ನುವಳು. "ಇದ್ದಾನೆ" ಅನ್ನುವೆ. ಅವಳಿಗೆ ಅದು ಸಮಾಧಾನವೋ ಸಂಕಟವೋ ಗೊತ್ತಾಗುತ್ತಿರಲಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ ಎಲ್ಡನ್ ಗೇಟಿನವರೆಗೆ ಹೋದವನು ಬೇಗ ಹಿಂದಿರುಗಿದ. ಹುಲ್ಲು ಹಸಿರಾಗಿ ಮೊಣಕಾಲೆತ್ತರ ಬಂದಿತ್ತು. ಗಾಳಿ ಜೋರಾಗಿತ್ತು.

"ಅತ್ತಿಗೆ, ಬಾ ಇಲ್ಲಿ. ಬೇಲಿ ಹತ್ತಿರ ಯಾರೂ ಇಲ್ಲ."

ಹೋಗಿ ನೋಡಿದೆ. ನಿಜ. ಎಷ್ಟೋ ವರ್ಷಗಳಿಂದ ಆ ಬೇಲಿಯ ಉದ್ದಕ್ಕೂ ಬಾಗದೆ ನಿಲ್ಲುತ್ತಿದ್ದ ಹುಲ್ಲು ಈಗ ಒಂದೇ ಅಲೆಯಾಗಿ ಮಲಗಿ ಏಳುತ್ತಿತ್ತು. ರಸ್ತೆಯ ಅಂಚಿನ ಮೆತ್ತನೆಯ ಮಣ್ಣಿನಲ್ಲಿ ಮಾತ್ರ ಹೆಜ್ಜೆಗಳಿದ್ದವು. ಬೂಟಿನವು, ಬರಿಗಾಲಿನವು, ಒಂದರ ಮೇಲೊಂದು. ಎಲ್ಲ ಮೂಡಣ ದಿಕ್ಕಿಗೆ, ಮಿನೆಸೋಟದ ಕಡೆಗೆ ಮುಖ ಮಾಡಿದ್ದವು.

"ಯಾರೋ ಕರೆದಿದ್ದಾರೆ," ಅಂದ ಎಲ್ಡನ್. ಅವನು ತಮಾಷೆ ಮಾಡುತ್ತಿರಲಿಲ್ಲ.

ಮನೆಗೆ ಬರುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಮರ್ಲಾ. ಅವಳ ದನಿ ಹದಿನೆಂಟರ ಹುಡುಗಿಯದಾಗಿತ್ತು.

"ತೀರ್ಪು ಬಂತಮ್ಮಾ. ನಿನ್ನೆ ಟಪಾಲಲ್ಲಿ ಬಂತು. ಕರ್ಟ್ ಲುಂಡೀನ್ ಯಾವತ್ತೂ ಮಿನೆಸೋಟದ ನಿವಾಸಿಯೇ ಆಗಿದ್ದ, ಅವನ ಮನೆ ಬದಲಾಗಿಯೇ ಇರಲಿಲ್ಲ. ಹಾಗಂತ ಬರೆದಿದ್ದಾರೆ. ನಾನು ಗೆದ್ದೆ."

"ಗೆದ್ದೆ ಅಲ್ಲ ಮಾರಾಯ್ತಿ, ಸೋತೆ. ಅಷ್ಟೂ ತೆರಬೇಕಲ್ಲ."

"ತೆರ್ತೀನಿ, ಖುಷಿಯಿಂದ ತೆರ್ತೀನಿ. ಅವನು ಬಂದುಬಿಟ್ಟ."

ನಾನು ರಿಸೀವರನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದೆ. ಮೇಲೆ, ಮೂರನೇ ಕೋಣೆಯಲ್ಲಿ, ಟೊಕ್. ತಡೆದು, ಮತ್ತೆ ಟೊಕ್. ಎಲ್ಡನ್ ಮೆಟ್ಟಿಲ ಬುಡದಲ್ಲಿ ನಿಂತು ತಲೆಯೆತ್ತಿ ನೋಡುತ್ತಿದ್ದ. ಸರ್ಕಾರ ತೀರ್ಪು ಕೊಟ್ಟರೆ ಏನಾಯಿತು, ಕರ್ಟ್ ಆಡಿದ ಮಾತು ಕರ್ಟ್‌ನದು. ಅವನು ಎಲ್ಲಿಗೂ ಹೋಗಿರಲಿಲ್ಲ.

"ಮರ್ಲಾ," ಅಂದೆ. "ಬಂದದ್ದು ಹೇಗೆ ಗೊತ್ತಾಯ್ತು?"

"ಜಗುಲಿ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸ್ತಿದೆ. ಬಾಗಿಲು ತಾನೇ ತೆಗೀತು. ಮನೆಯೆಲ್ಲ ತಣ್ಣಗಾಗಿದೆ, ನಿಮ್ಮ ಆ ಕೋಣೆ ಥರಾನೇ."

"ಮಂಚ ನೋಡಿದೆಯಾ? ಆ ಉದ್ದದ ಮಂಚ?"

"ತಗ್ಗಾಗಿದೆ. ಎರಡೂ ಕಡೆ ತಗ್ಗಾಗಿದೆ. ಮಗ್ಗುಲು ಬದಲಿಸ್ತಿರಬೇಕು."

ಇನ್ನು ಕೇಳುವುದು ಒಂದೇ ಉಳಿದಿತ್ತು. ಕೇಳಲು ನನಗೆ ಇಷ್ಟವಿರಲಿಲ್ಲ.

"ಸರಿಯಾಗಿ ಹೇಳು ಮಗಳೇ. ಕಾಗದ ಬಂದ ಮೇಲೆ ನೀನೇನಾದ್ರೂ ಬಾಯಿಬಿಟ್ಟು ಅಂದೆಯಾ?"

"ಅನ್ನದೇ ಇರ್ತೀನಾ? ಬಾಯಿಬಿಟ್ಟು ಆಡದ್ದು ಮಾತೇ ಅಲ್ಲ ಅಂತ ಹೇಳಿದ್ದು ನೀವೇ. ನಿನ್ನೆ ಸಂಜೆ ಜಗುಲಿಗೆ ಬಂದು, ಬಾಗಿಲು ಪೂರ್ತಿ ತೆ‌ಗೆದಿಟ್ಟು, ಹೆದ್ದಾರಿ ಕಡೆ ಮುಖ ಮಾಡಿ ಕೂಗಿದೆ. 'ಬಾ, ಇದು ನಿನ್ನ ಮನೆ, ಒಳಗೆ ಬಾ' ಅಂತ. ಕೆರೆ ಆಚೆ ದಡಕ್ಕೂ ಕೇಳಿರಬೇಕು."

"ಹೆಸರು ಹಿಡಿದು ಕರೆದೆಯಾ?"

"ಹೆಸರು ಯಾಕಮ್ಮಾ? ನಾನು ಇನ್ಯಾರನ್ನ ಕರೀತೀನಿ?"

ಅವಳು ನಕ್ಕಳು. ಓಡು ಅನ್ನಬೇಕೆ? ನಿನ್ನ ಗಂಡ ಇಲ್ಲಿದ್ದಾನೆ ಅನ್ನಬೇಕೆ? ಹೊಲ ಮಾರಿ, ಸರ್ಕಾರಕ್ಕೆ ಅಷ್ಟೂ ಸುರಿದು ಕೊಂಡುಕೊಂಡ ಸಂತೋಷ ಅದು, ಅದರ ಮೇಲೆ ನಾನು ಹೇಗೆ ಮಣ್ಣು ಹಾಕಲಿ?

"ಅಮ್ಮಾ, ಇಡ್ತೀನಿ," ಅಂದಳು ಮರ್ಲಾ. ದನಿ ತಗ್ಗಿಸಿದ್ದಳು, ಮಲಗಿದವರನ್ನು ಎಬ್ಬಿಸಬಾರದು ಅನ್ನುವ ಹಾಗೆ. "ಪಾಪ, ಎಷ್ಟು ದೂರ ನಡೆದು ಬಂದಿದ್ದಾನೋ. ಬೆಳಿಗ್ಗೆಯಿಂದ ಮೆಟ್ಟಿಲು ಹತ್ತುತ್ತಾನೇ ಇದ್ದಾನೆ. ಇನ್ನೂ ಬಂದು ಮುಗಿದಿಲ್ಲ."